ಮೀಟರ್ ಗೇಜಿನ ಹಳಿ ಕಾಯ್ದವರ ಹೆಸರು ಬರೆದಿಡೋಣ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಬಾಗಲಕೋಟೆಯಿಂದ ವಿಜಯಪುರಕ್ಕೆ ರೈಲಿನಲ್ಲಿ ಹೋಗುತ್ತಿದ್ದೆ. ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಕ್ರಾಸಿಂಗ್ ಇತ್ತೋ ಏನೋ, ಸ್ವಲ್ಪ ಹೊತ್ತು ನಿಂತೇ ಇತ್ತು. ಕಿಟಕಿಯಿಂದ ನೋಡಿದರೆ ಹಳೇ ಕಲ್ಲಿನ ಕ್ವಾರ್ಟರ್ಸ್ ಸಾಲು ಇದ್ದ ಜಾಗದಲ್ಲಿ ಬರೀ ಕಲ್ಲಿನ ಗುಡ್ಡೆ. ಒಂದೇ ಒಂದು ಗೋಡೆ ನಿಂತಿತ್ತು. ಆ ಗೋಡೆಯಲ್ಲಿ ದೀಪ ಇಡುವ ಮಾಡ, ಮಾಡದ ಮೇಲೆ ಇನ್ನೂ ಹೊಗೆಯ ಮಸಿ. ಎಷ್ಟು ವರ್ಷ ಯಾವ ತಾಯಿ ಅಲ್ಲಿ ದೀಪ ಹಚ್ಚಿಟ್ಟಿದ್ದಳೋ. ಪಕ್ಕದಲ್ಲಿ ಕೂತ ಹುಡುಗ ಮೊಬೈಲ್ ನೋಡುತ್ತಿದ್ದ. ಅವನಿಗೆ ತೋರಿಸಬೇಕು ಅನ್ನಿಸಿತು, ಆದರೆ ಏನಂತ ತೋರಿಸಲಿ? ಗಾಡಿ ಬಿಟ್ಟಿತು. ಅವತ್ತಿನಿಂದ ಈ ಪತ್ರ ಬರೆಯಬೇಕು ಅಂತ ಮನಸ್ಸಿನಲ್ಲಿ ಕೂತಿದೆ. ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ, ಎರಡು ಕಂತು ಮಾಡಿಯಾದರೂ ಹಾಕಿ.

ನಾನು ಒಬ್ಬ ಕೀಮನ್‌ನ ಮಗಳು. ಹುಟ್ಟಿ ಬೆಳೆದದ್ದು ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ, ಹಳಿ ದುರಸ್ತಿ ಮಾಡುವವರ ಗ್ಯಾಂಗ್ ಚಾಳಿನಲ್ಲಿ. ಹೆಸರಿನಲ್ಲಿ ರೋಡ್ ಅಂತ ಇದ್ದರೆ ಊರು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ ಅಂತ ಅರ್ಥ, ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಲ್ಲ ಹಾಗೆಯೇ. ಸುತ್ತ ಎರಿ ಹೊಲ, ನಡುವೆ ಒಂದು ಪ್ಲಾಟ್‌ಫಾರ್ಮ್, ನಾಲ್ಕು ಬೇವಿನ ಗಿಡ, ಏಳೆಂಟು ಮನೆ. ನಮಗೆ ಅದೇ ಊರು, ಅದೇ ಓಣಿ.

ನಮ್ಮದು ಗದಗ–ಹೋಟಗಿ ಮಾರ್ಗ. ಈಗಿನ ಮಕ್ಕಳಿಗೆ ಇದು ಎಷ್ಟು ಹಳೆಯದು ಅಂತ ಹೇಳಿದರೆ ನಂಬುವುದಿಲ್ಲ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹಾಕಿದ್ದು. ಅದಕ್ಕೂ ಮುಂಚೆ, 1876ರಿಂದ 78ರವರೆಗೆ ಬಿದ್ದ ಬರದಲ್ಲಿ ನಮ್ಮ ಸೀಮೆ ಸ್ಮಶಾನವಾಗಿತ್ತು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರುವ ದಾರಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ತರೋಣ ಅಂದರೆ ಎತ್ತುಗಳಿಗೇ ಮೇವು ನೀರು ಇಲ್ಲ. ಆಮೇಲೆ ಬರ ಬಂದಾಗ ಕಾಳು ಸಾಗಿಸಲು ರೈಲೇ ಬೇಕು ಅಂತ ಸರ್ಕಾರಕ್ಕೆ ಅನ್ನಿಸಿತು. ಅಂದರೆ ನಮ್ಮ ರೈಲು ಹುಟ್ಟಿದ್ದೇ ಹಸಿವಿನಿಂದ. ರೈಲು ಬಂದ ಮರುವರ್ಷವೇ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ಕಂಪನಿಯ ಹೆಸರು ಆಮೇಲೆ ಬದಲಾಗುತ್ತಾ ಬಂತು. 1908ರಲ್ಲಿ ಮದ್ರಾಸ್ ಆಂಡ್ ಸದರ್ನ್ ಮರಾಠಾ, ಅಂದರೆ ಎಂ ಆಂಡ್ ಎಸ್‌ಎಂ ಆಯಿತು, 1951ರಲ್ಲಿ ಸದರ್ನ್ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ನಮ್ಮ ಅಜ್ಜನ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು ‘ಎಮ್ಮೆಸ್ಸೆಮ್’. ಬೋರ್ಡ್ ಎಷ್ಟು ಸಲ ಬದಲಾದರೂ ಹಳಿ ಅದೇ ಇತ್ತು. ಎರಡು ಹಳಿಯ ನಡುವೆ ಬರೋಬ್ಬರಿ 1000 ಮಿಲಿಮೀಟರ್, ಅಂದರೆ ಒಂದು ಮೀಟರ್. ಅದಕ್ಕೇ ಮೀಟರ್ ಗೇಜ್. ಈಗಿನ ದೊಡ್ಡ ಹಳಿ 1676 ಮಿಲಿಮೀಟರ್.

ಅಪ್ಪ ಮೊದಲು ಗ್ಯಾಂಗ್‌ಮನ್ ಆಗಿದ್ದ, ಆಮೇಲೆ ಕೀಮನ್ ಆದ. ಕೀಮನ್ ಅಂದರೆ ಏನು ಕೆಲಸ ಅಂತ ನಮ್ಮ ಶಾಲೆಯ ಮಕ್ಕಳು ನನ್ನನ್ನು ಕೇಳುತ್ತಿದ್ದರು. ಬೀಗದ ಕೀ ಅಂತ ತಿಳಿದಿದ್ದರು. ಹಳಿಯನ್ನು ಕೆಳಗಿನ ಅಡ್ಡಪಟ್ಟಿಗೆ, ಅಂದರೆ ಸ್ಲೀಪರಿಗೆ, ಬಿಗಿಯಾಗಿ ಹಿಡಿಯುವ ಕಬ್ಬಿಣದ ಬೆಣೆಗೆ ಕೀ ಅಂತಾರೆ. ಗಾಡಿ ಹೋದಂತೆಲ್ಲ ಅದು ನಡುಗಿ ನಡುಗಿ ಸಡಿಲಾಗುತ್ತದೆ. ಅಪ್ಪ ದಿನಾ ನಸುಕಿನಲ್ಲಿ ಎದ್ದು, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಂಡಿ ಬುತ್ತಿ, ಸುತ್ತಿಗೆ, ಪಾನಾ, ಕೆಂಪು ಹಸಿರು ಬಾವುಟ ತೆಗೆದುಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಿದ್ದ. ಹೋಗುವಾಗ ಒಂದು ಬದಿಯ ಹಳಿ ನೋಡುವುದು, ಬರುವಾಗ ಇನ್ನೊಂದು ಬದಿಯದು. ಕಣ್ಣಿಗಿಂತ ಕಿವಿ ಮುಖ್ಯ ಅನ್ನುತ್ತಿದ್ದ. ಸುತ್ತಿಗೆ ಬಿದ್ದಾಗ ಬಿಗಿ ಇದ್ದ ಕೀ ‘ಠಣ್’ ಅನ್ನುತ್ತದೆ, ಸಡಿಲಾದದ್ದು ‘ದಬ್’ ಅನ್ನುತ್ತದೆ. ಮನೆಯಲ್ಲಿ ಮಲಗಿ ಕೇಳಿದರೆ ನಸುಕಿನ ಥಂಡಿಯಲ್ಲಿ ಆ ಠಣ್ ಠಣ್ ದೂರ ಹೋಗುತ್ತಾ ಹೋಗುತ್ತಾ ಕೊನೆಗೆ ಕೇಳದಂತೆ ಆಗುತ್ತಿತ್ತು. ಮಧ್ಯಾಹ್ನ ಅದೇ ಸದ್ದು ಹತ್ತಿರ ಬಂದರೆ ಅವ್ವ ಒಲೆ ಮೇಲೆ ಚಾ ಇಡುತ್ತಿದ್ದಳು. ಮನೆಯಲ್ಲಿ ಗಡಿಯಾರ ಇರಲಿಲ್ಲ.

ಅಪ್ಪನ ಚೀಲದಲ್ಲಿ ಇನ್ನೊಂದು ವಸ್ತು ಇತ್ತು, ಅದನ್ನು ನಾವು ಮುಟ್ಟುವಂತಿರಲಿಲ್ಲ. ಪಟಾಕಿ. ದೀಪಾವಳಿಯದಲ್ಲ, ಹಳಿಯ ಮೇಲೆ ಕಟ್ಟುವುದು. ಮುಂದೆ ಅಪಾಯ ಇದ್ದರೆ ಅದನ್ನು ಹಳಿಗೆ ಕಟ್ಟಿ ಇಡಬೇಕು, ಇಂಜಿನ್ ಗಾಲಿ ಹತ್ತಿದ ಕೂಡಲೇ ಸಿಡಿದು ಡ್ರೈವರನಿಗೆ ಎಚ್ಚರ ಆಗುತ್ತದೆ. ಎಲ್ಲೆಲ್ಲಿ ಕಟ್ಟಬೇಕು ಅನ್ನುವುದನ್ನು ಅಪ್ಪ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ಮೀಟರ್ ಗೇಜಿನಲ್ಲಿ 400 ಮೀಟರ್ ದೂರದಲ್ಲಿ ಒಂದು, 800 ಮೀಟರ್ ದೂರದಲ್ಲಿ ಮೂರು, ಆ ಮೂರರ ನಡುವೆ ಹತ್ತತ್ತು ಮೀಟರ್. ಹುಡುಗಿಗೆ ಇದು ಯಾಕೆ ಅಂತ ಅವ್ವ ಬಯ್ದರೆ, "ಇರ್ಲಿ ಬಿಡ, ಒಂದಿನ ನಾ ಎಲ್ಲೆರೆ ಬಿದ್ದಿದ್ರ ಆಕಿ ಓಡ್ಯಾಳು" ಅನ್ನುತ್ತಿದ್ದ.

ಅಷ್ಟು ವರ್ಷದ ನೌಕರಿಯಲ್ಲಿ ಅಪ್ಪ ಅದನ್ನು ನಿಜವಾಗಿ ಕಟ್ಟಿದ್ದು ಒಂದೇ ಸಲ. ಮಳೆಗಾಲದಲ್ಲಿ ಇಬ್ಬಿಬ್ಬರು ಕಂದೀಲು ಹಿಡಿದು ರಾತ್ರಿ ಹಳಿ ಕಾಯಬೇಕಿತ್ತು. ಹಸ್ತಾ ಮಳೆ. ಒಂದು ಸಣ್ಣ ಹಳ್ಳದ ಹತ್ತಿರ ಹಳಿಯ ಕೆಳಗಿನ ಮಣ್ಣು ಕೊಚ್ಚಿ ಹೋಗಿ ಹಳಿ ಜೋಕಾಲಿಯ ಹಾಗೆ ತೂಗಾಡುತ್ತಿತ್ತಂತೆ. ಕತ್ತಲೆಯಲ್ಲಿ, ಕಂದೀಲು ಎರಡು ಸಲ ಆರಿ ಹೋದ ಮೇಲೆ, ಅಪ್ಪ ಒಂದು ಕಡೆ, ಜೊತೆಗಿದ್ದ ಕಾಕಾ ಇನ್ನೊಂದು ಕಡೆ ಓಡಿದರು. ಗಾಡಿ ನಿಂತಿತು. ಬೆಳಿಗ್ಗೆ ಅಪ್ಪ ಮನೆಗೆ ಬಂದಾಗ ಕಾಲಿನ ಬೆರಳು ಒಡೆದು ರಕ್ತ. ಅವ್ವ ಅರಿಶಿನ ಹಚ್ಚುತ್ತಾ ಅಳುತ್ತಿದ್ದಳು. ಅಪ್ಪ ಹೇಳಿದ್ದು ಇಷ್ಟೇ, "ಗಾಡ್ಯಾಗ ಮಂದಿ ಮಲ್ಕೊಂಡಿದ್ರು, ಒಬ್ರೂ ಏಳ್ಲಿಲ್ಲ ನೋಡು." ಅದು ಅವನಿಗೆ ಬಹಳ ಸಮಾಧಾನದ ಮಾತಾಗಿತ್ತು. ಯಾರ ನಿದ್ದೆಯೂ ಕೆಡಲಿಲ್ಲ ಅನ್ನುವುದು.

ನಮ್ಮ ಎರಿ ಭೂಮಿಯ ಮೇಲೆ ರೈಲು ಓಡಿಸುವುದು ಎಷ್ಟು ಕಷ್ಟ ಅನ್ನುವುದನ್ನು ರೈತರಿಗೆ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಳಿಯ ಕೆಳಗೆ ಹಾಕಿದ ಖಡಿಯನ್ನು ನುಂಗುತ್ತಲೇ ಇರುತ್ತದೆ. ಇವತ್ತು ಸಮ ಮಾಡಿದ ಹಳಿ ನಾಲ್ಕು ದಿನ ಬಿಟ್ಟರೆ ಒಂದು ಕಡೆ ಕುಸಿದಿರುತ್ತದೆ. ಅದಕ್ಕೇ ಗ್ಯಾಂಗ್ ಬೇಕು. ಹಾರಿ ಹಾಕಿ ಹಳಿ ಎತ್ತುವುದು, ಬೀಟರಿನಿಂದ ಸ್ಲೀಪರಿನ ಕೆಳಗೆ ಖಡಿ ತುಂಬುವುದು, ಮುಕಾದಮ ಹಳಿಯ ಮೇಲೆ ತಲೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿ ‘ಇನ್ನಾ ಸ್ವಲ್ಪ’ ಅನ್ನುವುದು. ಒಬ್ಬ ಕೂಗು ಹಾಕಿದರೆ ಉಳಿದವರು ‘ಹೈಸಾ’ ಅಂತ ಒಟ್ಟಿಗೆ ಎತ್ತುವುದು. ಬಾದಾಮಿ ಕಡೆಯ ಬಿಸಿಲು ಗೊತ್ತಲ್ವಾ? ಏಪ್ರಿಲ್ ಮೇ ತಿಂಗಳಲ್ಲಿ ಹಳಿ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಸಿಲಿಗೆ ಹಳಿ ಉದ್ದ ಆಗುತ್ತದೆ, ಜಾಗ ಇಲ್ಲದಿದ್ದರೆ ಹಾವಿನ ಹಾಗೆ ಸೊಟ್ಟಗಾಗುತ್ತದೆ. ಅದಕ್ಕೆ ಎರಡು ಹಳಿ ಕೂಡುವಲ್ಲಿ ಸಂದು ಬಿಟ್ಟಿರುತ್ತಿದ್ದರು. ನಾವೆಲ್ಲ ನೆನೆಸಿಕೊಳ್ಳುವ ಆ ‘ಟಕ್ ಟಕ್, ಟಕ್ ಟಕ್’ ಇದೆಯಲ್ಲ, ಅದು ಗಾಲಿ ಆ ಸಂದನ್ನು ದಾಟುವ ಸದ್ದು. ಬೇಸಿಗೆಗೆ ಮುಂಚೆ ಪ್ರತಿ ಸಂದಿನ ಪಟ್ಟಿ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಬಿಗಿಯುತ್ತಿದ್ದರು. ಈಗ ಉದ್ದುದ್ದ ಹಳಿಗಳನ್ನು ಬೆಸೆಯುತ್ತಾರೆ, ಆ ಸದ್ದು ಹೋಯಿತು.

ಸ್ಟೇಷನ್ನಿನ ಒಳಗಿನ ಜನ ಬೇರೆ. ಅಲ್ಲಿ ಲ್ಯಾಂಪ್ ಕಾಕಾ ಇದ್ದ. ಸಂಜೆಯಾದರೆ ಸೀಮೆ ಎಣ್ಣೆ ದೀಪಗಳನ್ನು ಒರೆಸಿ, ಬತ್ತಿ ಕತ್ತರಿಸಿ, ಸಿಗ್ನಲ್ ಕಂಬ ಹತ್ತಿ ಇಟ್ಟು ಬರುತ್ತಿದ್ದ. ಗಾಳಿ ಬಿಟ್ಟರೂ ಹತ್ತಬೇಕು, ಮಳೆಯಲ್ಲೂ ಹತ್ತಬೇಕು. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಕೆಂಪು ಬಣ್ಣದ ಎರಡು ಟೋಕನ್ ಪೆಟ್ಟಿಗೆ. ಒಂದೇ ಹಳಿ ಇರುವ ಮಾರ್ಗ ಅಲ್ವಾ, ಎದುರಿಂದ ಇನ್ನೊಂದು ಗಾಡಿ ಬಂದರೆ ಏನು ಗತಿ? ಅದಕ್ಕೆ ಮುಂದಿನ ಸ್ಟೇಷನ್ನಿನವರು ಗಂಟೆ ಹೊಡೆದು ಒಪ್ಪಿಗೆ ಕೊಟ್ಟರೆ ಮಾತ್ರ ಪೆಟ್ಟಿಗೆಯಿಂದ ಒಂದು ಲೋಹದ ಗೋಲಿ ಹೊರಗೆ ಬರುತ್ತಿತ್ತು. ಒಂದು ಗೋಲಿ ಹೊರಗೆ ಇದ್ದರೆ ಇನ್ನೊಂದು ಬರುವುದೇ ಇಲ್ಲ, ಏನು ಮಾಡಿದರೂ ಬರುವುದಿಲ್ಲ. ಆ ಗೋಲಿ ಕೈಯಲ್ಲಿ ಇಲ್ಲದೆ ಯಾವ ಡ್ರೈವರನೂ ಮುಂದೆ ಹೋಗುವಂತಿಲ್ಲ.

ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದ ಗಾಡಿ ಬಂದರೆ ನಾವು ಮಕ್ಕಳೆಲ್ಲ ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದೆವು. ಪಾಯಿಂಟ್ಸ್‌ಮನ್ ಮಾಮಾ ಗೋಲಿಯನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಬಳೆಯನ್ನು ಎತ್ತಿ ಹಿಡಿದು ಹಳಿಯ ಪಕ್ಕ ನಿಲ್ಲುತ್ತಿದ್ದ. ಇಂಜಿನ್ ಮೈಮೇಲೆ ಬಂದ ಹಾಗೆ ಬರುತ್ತಿತ್ತು. ಆತ ಅಲ್ಲಾಡುತ್ತಿರಲಿಲ್ಲ. ಇಂಜಿನ್ನಿನ ಬಾಗಿಲಿನಿಂದ ಫೈರ್‌ಮನ್ ಬಗ್ಗಿ ಹಳೇ ಬಳೆಯನ್ನು ಒಗೆದು, ತೋಳಿನಿಂದಲೇ ಹೊಸದನ್ನು ಸೆಳೆದುಕೊಂಡು ಹೋಗುತ್ತಿದ್ದ. ಒಂದು ಕ್ಷಣ ಅಷ್ಟೇ. ಹೊಗೆ, ಧೂಳು, ಕಿವಿ ಕಿವುಡಾಗುವಂಥ ಸದ್ದು, ಅದೆಲ್ಲ ಇಳಿದ ಮೇಲೆ ಮಾಮಾ ದೂರ ಬಿದ್ದ ಬಳೆಯನ್ನು ಎತ್ತಿಕೊಂಡು ನಮ್ಮ ಕಡೆ ನೋಡಿ ನಗುತ್ತಿದ್ದ. ನಾನು ಆಮೇಲೆ ಎಷ್ಟೋ ಆಟ, ಸರ್ಕಸ್ಸು ನೋಡಿದ್ದೇನೆ. ಅದಕ್ಕಿಂತ ಚಂದದ್ದು ನೋಡಿಲ್ಲ.

ಉಗಿ ಇಂಜಿನ್ನುಗಳು ವೈಪಿ ಮತ್ತು ವೈಜಿ. ವೈಪಿ ಪ್ಯಾಸೆಂಜರಿಗೆ, ವೈಜಿ ಗೂಡ್ಸಿಗೆ. ಗಾಡಿ ನಿಂತರೆ ಚಾಳಿನ ಹೆಂಗಸರು ಬಕೆಟ್ ಹಿಡಿದು ಓಡುತ್ತಿದ್ದರು, ಡ್ರೈವರ್ ಕಾಕಾಂದಿರು ಇಂಜಿನ್ನಿನ ಬಿಸಿನೀರು ಬಿಡುತ್ತಿದ್ದರು. ಮಾರ್ಗಶಿರದ ಥಂಡಿಯಲ್ಲಿ ನಾವು ಸ್ನಾನ ಮಾಡಿದ್ದು ಆ ನೀರಿನಲ್ಲಿ. ಅದಕ್ಕೆ ಕಲ್ಲಿದ್ದಲಿನ ವಾಸನೆ ಇರುತ್ತಿತ್ತು. ಈಗಲೂ ಎಲ್ಲಾದರೂ ಕಲ್ಲಿದ್ದಲು ಸುಟ್ಟ ವಾಸನೆ ಬಂದರೆ ನನಗೆ ಅವ್ವ ತಲೆಗೆ ನೀರು ಹಾಕಿದ ಹಾಗೆ ಆಗುತ್ತದೆ.

ಇನ್ನು ಟ್ರಾಲಿಯವರು. ಸಾಹೇಬರು ಹಳಿ ನೋಡಲು ಟ್ರಾಲಿಯಲ್ಲಿ ಕೂತು ಬರುತ್ತಿದ್ದರು, ಹಿಂದೆ ಇಬ್ಬರು ಹಳಿಯ ಮೇಲೇ ಬರಿಗಾಲಲ್ಲಿ ಓಡಿ ದೂಡುತ್ತಿದ್ದರು. ನಾಲ್ಕು ಬೆರಳು ಅಗಲದ ಹಳಿಯ ಮೇಲೆ ಓಡುವುದು, ಓಡುತ್ತಾ ಹಾರಿ ಟ್ರಾಲಿ ಹತ್ತುವುದು, ವೇಗ ಕಡಿಮೆಯಾದರೆ ಮತ್ತೆ ಇಳಿದು ಓಡುವುದು. ಆ ಕಾಲುಗಳ ಹಿಮ್ಮಡಿ ನಾನು ನೋಡಿದ್ದೇನೆ. ನಮ್ಮ ಹೊಲದ ಬಿರುಕಿನ ಹಾಗೇ ಇದ್ದವು.

ಪ್ರಯಾಣಿಕರ ಬಗ್ಗೆ ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ. ಗುಳೇದಗುಡ್ಡದ ಖಣದ ಗಂಟುಗಳು, ಬಾದಾಮಿ ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರ್ ಹೋಗುವ ಟಾಂಗಾಗಳು, ಬನಶಂಕರಿ ಜಾತ್ರೆಗೆ ಬೋಗಿಯ ಮೇಲೂ ಕೂತು ಬರುವ ಮಂದಿ. ಒಂದನ್ನು ಮಾತ್ರ ಹೇಳುತ್ತೇನೆ. ನಮ್ಮ ಅಮ್ಮಮ್ಮ ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವುದೆಂದರೆ ಮೂರು ಅಳತೆಯ ಹಳಿಯ ಮೇಲೆ ಹೋಗಬೇಕಿತ್ತು. ಮೊದಲು ನಮ್ಮ ಮೀಟರ್ ಗೇಜ್, ಸೊಲ್ಲಾಪುರದ ಕಡೆ ಹೋದ ಮೇಲೆ ದೊಡ್ಡ ಗಾಡಿ, ಕುರ್ಡುವಾಡಿಯಲ್ಲಿ ಇಳಿದು ಬಾರ್ಶಿ ಲೈಟ್ ರೈಲ್ವೆಯವರು ಹಾಕಿದ್ದ 762 ಮಿಲಿಮೀಟರಿನ ಪುಟ್ಟ ಗಾಡಿ. "ವಿಠ್ಠಲನ ಹತ್ರ ಹೋದಂಗ ಗಾಡಿ ಸಣ್ಣದಾಕ್ಕೈತಿ" ಅಂತ ಅಮ್ಮಮ್ಮ ಹೇಳುತ್ತಿದ್ದಳು. ಈಗ ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿನಿಂದ ಬಂದು ನಮ್ಮೂರ ಮೇಲೆ ನೇರವಾಗಿ ಪಂಢರಪುರಕ್ಕೇ ಹೋಗುತ್ತದೆ. ಒಂದೇ ಸೀಟು, ಎಲ್ಲೂ ಇಳಿಯುವುದು ಬೇಡ. ಅಮ್ಮಮ್ಮ ಇದ್ದಿದ್ದರೆ ಕೈ ಮುಗಿಯುತ್ತಿದ್ದಳು. ನಾನೂ ಮುಗಿಯುತ್ತೇನೆ.

ಇದನ್ನು ಯಾಕೆ ಹೇಳಿದೆ ಅಂದರೆ, ಹಳೇ ಗಾಡಿಯೇ ಚೆನ್ನಾಗಿತ್ತು, ಅದೇ ಇರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಹುಬ್ಬಳ್ಳಿ ಆಸ್ಪತ್ರೆಗೆ ಹೋಗಲು ಇಡೀ ದಿನ ಕೂತ ಜನ ನಾವು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಶುರುವಾಯಿತು. ನಮ್ಮ ಮಾರ್ಗದ ಹಳೇ ಹಳಿ ತುಂಡು ತುಂಡಾಗಿ ಕಿತ್ತು ಹೋಯಿತು, ಕೆಲವು ವರ್ಷ ಕೆಲವು ಊರಿಗೆ ಗಾಡಿಯೇ ಇರಲಿಲ್ಲ, 2008ರ ಹೊತ್ತಿಗೆ ಗದಗದಿಂದ ಹೋಟಗಿವರೆಗೆ ಎಲ್ಲ ದೊಡ್ಡ ಹಳಿ ಆಯಿತು. ಈಗ ಜೋಡಿ ಹಳಿ, ವಿದ್ಯುತ್ ತಂತಿ. ಬೇಕಾಗಿತ್ತು, ಬಂತು. ಬಾಗಲಕೋಟೆ–ಕುಡಚಿ ಹೊಸ ರೈಲು ಮಾರ್ಗ ಬೇಗ ಮುಗಿಯಲಿ ಅಂತ ಪತ್ರಿಕೆಗಳಲ್ಲಿ ಪತ್ರಗಳು ಬರುತ್ತವೆ, ಬರಬೇಕು ಕೂಡ.

ನನ್ನ ಸಂಕಟ ಬೇರೆ. ಬಾಗಲಕೋಟೆಯವರಿಗೆ ಮುಳುಗಡೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಊರು ಹೋಗುವಾಗ ಅಧಿಕಾರಿಗಳು ಮನೆ ಮನೆಗೆ ಬಂದರು. ಎಷ್ಟು ಅಂಕಣ, ಎಷ್ಟು ಬಾಗಿಲು, ಬಾವಿ ಇದೆಯಾ, ಹಿತ್ತಲಲ್ಲಿ ಬೇವಿನ ಗಿಡ ಎಷ್ಟು, ಎಲ್ಲ ಅಳೆದು ಬರೆದುಕೊಂಡರು. ಪರಿಹಾರ ಸಾಕಾಯಿತೋ ಇಲ್ಲವೋ ಅದು ಬೇರೆ ಮಾತು, ಇನ್ನೂ ಜಗಳ ನಡೆದೇ ಇದೆ. ಆದರೆ ಇಂಥವರು ಇಲ್ಲಿ ಬಾಳಿದ್ದರು ಅಂತ ಒಂದು ಕಡೆ ಬರೆದದ್ದು ಉಳಿಯಿತು. ಗಿಡಕ್ಕೂ ಒಂದು ನಂಬರು ಸಿಕ್ಕಿತು. ಮೀಟರ್ ಗೇಜ್ ಹೋದಾಗ ಹಳಿ ಎಷ್ಟು ಟನ್ ಅಂತ ತೂಕ ಮಾಡಿರಬೇಕು. ಅದನ್ನು ನೂರಿಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಯ್ದ ಮಂದಿಯನ್ನು ನಾವು ಯಾರೂ ಬರೆದುಕೊಳ್ಳಲಿಲ್ಲ. ಊರಿನವರಾದ ನಾವೇ ಬರೆದುಕೊಳ್ಳಲಿಲ್ಲ. ನಾನು ಮೂವತ್ತಾರು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಬರೆಯಲು ಕಲಿಸಿದವಳು, ನಾನೂ ಬರೆಯಲಿಲ್ಲ.

ಬರೆಯುವುದು ಅಂದರೆ ಒಂದು ಮಾತು ಹೇಳಲೇಬೇಕು. ಆಗ ಪಗಾರ ಬ್ಯಾಂಕಿಗೆ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಪಗಾರದ ಸಾಹೇಬರು ರೊಕ್ಕದ ಪೆಟ್ಟಿಗೆ ತೆಗೆದುಕೊಂಡು ಗಾಡಿಯಲ್ಲಿ ಬರುತ್ತಿದ್ದರು. ಗ್ಯಾಂಗಿನವರೆಲ್ಲ ಸಾಲಾಗಿ ನಿಲ್ಲುತ್ತಿದ್ದರು. ಹೆಸರು ಕೂಗಿದರೆ ಹೋಗಿ ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆದುಕೊಳ್ಳುವುದು. ಅಪ್ಪನೂ ಹೆಬ್ಬೆಟ್ಟೇ. 1974ರ ಮೇ ತಿಂಗಳಲ್ಲಿ ದೇಶದ ತುಂಬಾ ರೈಲ್ವೆ ಮುಷ್ಕರ ಆಯಿತಲ್ಲ, ಜಾರ್ಜ್ ಫರ್ನಾಂಡಿಸ್ ಕರೆ ಕೊಟ್ಟಿದ್ದು, 8ನೇ ತಾರೀಖಿನಿಂದ 27ರವರೆಗೆ ನಡೆದದ್ದು, ಆಗ ನಾನು ಸಣ್ಣವಳು. ಅಪ್ಪನೂ ಮುಷ್ಕರಕ್ಕೆ ಹೋಗಿದ್ದ. ಆ ತಿಂಗಳು ಮನೆಗೆ ಪಗಾರ ಬರಲಿಲ್ಲ, ಅವ್ವ ಊರ ಹೊಲಕ್ಕೆ ಕೂಲಿಗೆ ಹೋದಳು. ಅಪ್ಪ ಬೇವಿನ ಗಿಡದ ಕೆಳಗೆ ಸುಮ್ನೆ ಕೂತಿರುತ್ತಿದ್ದ. ಕೈಗೆ ಸುತ್ತಿಗೆ ಇಲ್ಲದೆ ಅವನನ್ನು ನೋಡಿದ್ದು ನಾನು ಅದೇ ಮೊದಲು. ಆಗ ನಾನು ನನ್ನ ಪಾಟಿ ತಂದು ಅವನ ಹೆಸರು ಬರೆದು ತೋರಿಸಿದೆ. ತಿದ್ದು ಅಂದೆ. ಆ ದೊಡ್ಡ ಕೈಯಲ್ಲಿ ಬಳಪ ಕಾಣುತ್ತಲೇ ಇರಲಿಲ್ಲ. ಮೂರು ಬಳಪ ಮುರಿದವು. ಮುಷ್ಕರ ಮುಗಿಯುವ ಹೊತ್ತಿಗೆ ಅಪ್ಪನಿಗೆ ತನ್ನ ಹೆಸರು ಬರೆಯಲು ಬಂತು.

ಮುಂದಿನ ಪಗಾರದ ದಿನ ಮಸಿಯ ಪ್ಯಾಡ್ ಮುಂದೆ ಮಾಡಿದರೆ ಅಪ್ಪ ಬೇಡ ಅಂದನಂತೆ. ಪೆನ್ನು ಕೇಳಿದನಂತೆ. ನಿಧಾನವಾಗಿ ಒಂದೊಂದೇ ಅಕ್ಷರ ಬರೆದನಂತೆ, ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲವಂತೆ. ಮುಂದಿನ ದಿನಗಳಲ್ಲಿ ಗ್ಯಾಂಗಿನ ಇನ್ನೂ ನಾಲ್ಕು ಜನ ಸಂಜೆ ನಮ್ಮ ಮನೆಗೆ ಬಂದು ನನ್ನ ಪಾಟಿಯ ಮೇಲೆ ತಿದ್ದಿದರು. ನಾನು ಟೀಚರ್ ಆಗಿದ್ದು ಅಲ್ಲಿಂದಲೇ ಅಂತ ನಾನು ತಿಳಿದಿದ್ದೇನೆ. ಆ ಪಗಾರ ಪುಸ್ತಕ ಈಗ ಎಲ್ಲಿ ಹೋಯಿತೋ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಗಿದೆ, ನಾನು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬಂದೆ, ಎಲ್ಲರೂ ಹೋಗಿ ನೋಡಬೇಕು. ಆದರೆ ಲಚ್ಯಾಣದಲ್ಲಿ ಯಾರಿದ್ದರು, ಆಲಮಟ್ಟಿಯಲ್ಲಿ ಯಾರಿದ್ದರು, ಹೊಳೆಆಲೂರಿನಲ್ಲಿ ಮಲಪ್ರಭೆ ಸೇತುವೆಯ ಮೇಲೆ ಮಹಾಪೂರದ ರಾತ್ರಿ ಕಂದೀಲು ಹಿಡಿದು ನೀರಿನ ಗುರುತು ನೋಡುತ್ತಾ ಕೂತವರು ಯಾರು ಅನ್ನುವುದನ್ನು ಆ ಊರಿನವರೇ ಹೇಳಬೇಕು, ಬೇರೆ ಯಾರಿಗೆ ಗೊತ್ತಿರುತ್ತದೆ? ಬಾಗಲಕೋಟೆ ಮತ್ತು ವಿಜಯಪುರ ಸ್ಟೇಷನ್ನುಗಳಲ್ಲಿ ಒಂದೊಂದು ಗೋಡೆ ಸಿಕ್ಕರೆ ಸಾಕು. ಸ್ಟೇಷನ್ನುಗಳ ಹೆಸರು, ಕೆಳಗೆ ಅಲ್ಲಿ ದುಡಿದ ಗ್ಯಾಂಗ್‌ಮನ್, ಕೀಮನ್, ಗೇಟ್‌ಮನ್, ಪಾಯಿಂಟ್ಸ್‌ಮನ್, ಲ್ಯಾಂಪ್‌ಮನ್ ಹೆಸರು. ಎಲ್ಲ ಸಿಗುವುದಿಲ್ಲ, ಸಿಕ್ಕಷ್ಟು. ದೊಡ್ಡ ಹುದ್ದೆಯವರ ಹೆಸರು ಹೇಗೂ ಕಡತಗಳಲ್ಲಿ ಇರುತ್ತದೆ, ನಮಗೆ ಇವರದು ಬೇಕು. ಹಳೇ ಕಲ್ಲಿನ ಕ್ವಾರ್ಟರ್ಸ್ ಬೀಳಿಸಲೇಬೇಕಾದರೆ ಬೀಳಿಸಲಿ, ಎಲ್ಲಾದರೂ ಒಂದು ಕಡೆ ಒಂದು ಮನೆಯನ್ನು ಹಾಗೇ ಬಿಡಲಿ. ಮಾಡ, ಒಲೆ, ಬೀಸುವ ಕಲ್ಲು ಸಮೇತ. ನಮ್ಮ ಎರಡೂ ಜಿಲ್ಲೆಗಳ ಶಿಕ್ಷಕರಿಗೆ ನನ್ನ ಮನವಿ, ಹೈಸ್ಕೂಲ್ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಏನೇನೋ ಕೊಡುತ್ತೇವೆ, ಊರಲ್ಲಿರುವ ನಿವೃತ್ತ ರೈಲ್ವೆ ಅಜ್ಜಂದಿರ ಹತ್ತಿರ ಕಳಿಸಿ ಕೇಳಿ ಬರೆದುಕೊಂಡು ಬನ್ನಿ ಅನ್ನಿ. ಮೊಬೈಲಿನಲ್ಲಿ ಅವರ ದನಿ ಹಿಡಿದುಕೊಳ್ಳಲಿ. ಬೇಗ ಮಾಡಬೇಕು. ಉಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದ ಕೈಗಳು ಈಗ ಕೋಲು ಹಿಡಿದಿವೆ. ಅವ್ವಂದಿರನ್ನೂ ಕೇಳಬೇಕು, ಎಂಟು ಮನೆಯ ಆ ಓಣಿಯನ್ನು ನಡೆಸಿದವರು ಅವರೇ.

ಮತ್ತು ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ವಾರಕ್ಕೆ ಒಂದು ಸ್ಟೇಷನ್ ಅಂತ ಸ್ವಲ್ಪ ಜಾಗ ಕೊಡಿ. ಓದುಗರು ತಮಗೆ ಗೊತ್ತಿದ್ದ ಹೆಸರು, ಒಂದು ಫೋಟೋ, ಒಂದು ನೆನಪು ಕಳಿಸುತ್ತಾರೆ. ನಮ್ಮ ಮಂದಿ ಕಳಿಸುತ್ತಾರೆ, ನನಗೆ ನಂಬಿಕೆ ಇದೆ.

ನಾನು ಶುರು ಮಾಡಿದ್ದೇನೆ. ಅಪ್ಪನ ಜೊತೆ ಆ ರಾತ್ರಿ ಓಡಿದ ಕಾಕಾ ಹಳೇ ಬಾಗಲಕೋಟೆಯಲ್ಲಿ ಮಗನ ಮನೆಯಲ್ಲಿ ಇದ್ದಾರೆ. ಕಣ್ಣು ಮಂಜಾಗಿದೆ, ನೆನಪು ಗಟ್ಟಿ ಇದೆ. ಅವರ ಹತ್ತಿರ ಎರಡು ಮಧ್ಯಾಹ್ನ ಕೂತು ಗುಳೇದಗುಡ್ಡ ರೋಡಿನ ಹನ್ನೊಂದು ಹೆಸರು ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳಿದಾಗ ಒಂದೊಂದು ಹೆಸರಿಗೂ "ಹೂಂ, ಅಂವಾ" ಅಂತ ತಲೆ ಆಡಿಸುತ್ತಿದ್ದರು. ಒಬ್ಬರ ಹೆಸರು ಮಾತ್ರ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಬೆತ್ತದ ಬಳೆ ಹಿಡಿದು ನಿಲ್ಲುತ್ತಿದ್ದ ಪಾಯಿಂಟ್ಸ್‌ಮನ್. ನಾವು ಮಕ್ಕಳೆಲ್ಲ ಅವರನ್ನು ಗೋಲಿ ಮಾಮಾ ಅಂತಲೇ ಕರೆಯುತ್ತಿದ್ದೆವು. ಎತ್ತರದ ಆಳು, ಎಡಗೈ ಮೊಣಕೈ ಹತ್ತಿರ ಸುಟ್ಟ ಗುರುತು, ಬಿಳೀ ಟೋಪಿ, ಊರು ಗದಗದ ಕಡೆ ಅಂತ ನೆನಪು. 1970ರಿಂದ 78ರ ನಡುವೆ ನಮ್ಮಲ್ಲಿ ಇದ್ದರು. ಅವರ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಇದನ್ನು ಓದಿದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಹನ್ನೆರಡನೇ ಸಾಲು ಖಾಲಿ ಬಿಟ್ಟಿದ್ದೇನೆ.

— ಕೀಮನ್ ಒಬ್ಬರ ಮಗಳು, ನಿವೃತ್ತ ಶಿಕ್ಷಕಿ
ನವನಗರ, ಬಾಗಲಕೋಟೆ